ಮೇಷ್ಟ್ರು ಮನೆ ಮಾರಿದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಮನೆ ಮಾರಿ ನೋಡು ಅನ್ನುವುದನ್ನು ಯಾಕೆ ಬಿಟ್ಟರೋ ಚಲುವಯ್ಯ ಮೇಷ್ಟ್ರಿಗೆ ತಿಳಿಯದು. ಇದ್ದ ಒಬ್ಬ ಮಗಳನ್ನು ಅರಕಲಗೂಡಿಗೆ ಕೊಟ್ಟು ಮದುವೆ ಮಾಡಿದ್ದರು. ಸಾಲಸೋಲವಿಲ್ಲದೆ ಮನೆಯನ್ನೂ ಕಟ್ಟಿದ್ದರು. ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ ಆ ಮನೆಯನ್ನು ಮಾರಲು ಹೊರಟ ಮೇಲೆ ಗೊತ್ತಾಯಿತು, ಹಿಂದಿನ ಎರಡೂ ಮಕ್ಕಳಾಟ ಅಂತ.

ಮನೆ ಇದ್ದದ್ದು ಚನ್ನರಾಯಪಟ್ಟಣದಲ್ಲಿ, ತೆಂಗಿನಕಾಯಿ ಸಂತೆ ನಡೆಯುವ ಮಾಳದ ಹಿಂದಿನ ಬೀದಿಯ ಕೊನೆಗೆ. ಒಂಬತ್ತು ವರ್ಷದ ಹಿಂದೆ ನಿವೇಶನಗಳನ್ನು ಹರಾಜು ಹಾಕಿದಾಗ, ಚರಂಡಿ ಪಕ್ಕದ್ದು ಅಂತ ಯಾರೂ ಕೂಗದೆ ಉಳಿದ ಮೂಲೆ ಜಾಗ ಅದು. ಮೇಷ್ಟ್ರು ಒಂದೇ ಕೂಗಿಗೆ ಹಿಡಿದರು. ಹಂಚಿನ ಮನೆ, ಮುಂದೆ ಜಗಲಿ, ಒಳಗೆ ಪಡಸಾಲೆ, ಎರಡು ಕೋಣೆ, ಅಡಿಗೆಮನೆ. ಹಿಂದೆ ನಾಲ್ಕು ಬಟ್ಟೆ ಹರವುವಷ್ಟು ಹಿತ್ತಿಲು, ಆ ಹಿತ್ತಿಲಿನ ಅರ್ಧ ಜಾಗ ತಿಂದುಕೊಂಡು ಒಂದು ಬಾವಿ.

ಬಾವಿ ತೋಡಿಸುವ ಯೋಚನೆ ಮೊದಲು ಇರಲಿಲ್ಲ. ಬೀದಿಗೆಲ್ಲ ಒಂದು ಬಾವಿ ನಡುಮಧ್ಯೆ ಇತ್ತು. ಗೃಹಪ್ರವೇಶವಾದ ಮಾರನೆಯ ದಿನ ಮೇಷ್ಟ್ರ ಹೆಂಡತಿ ಮಲ್ಲಿಗಮ್ಮ ಬಿಂದಿಗೆ ಹಿಡಿದು ಅಲ್ಲಿಗೆ ಹೋದಳು. ಯಾರೂ ಬೈಯಲಿಲ್ಲ. ನೀರು ಸೇದುತ್ತಿದ್ದ ಹೆಂಗಸರು ತಂತಮ್ಮ ಕೊಡಗಳನ್ನು ಸೊಂಟಕ್ಕೇರಿಸಿಕೊಂಡು ಒಬ್ಬೊಬ್ಬರಾಗಿ ಹೊರಟುಹೋದರು, ಹಗ್ಗವನ್ನೂ ಬಿಚ್ಚಿಕೊಂಡು. ಮಲ್ಲಿಗಮ್ಮ ಸ್ವಲ್ಪ ಹೊತ್ತು ನಿಂತಿದ್ದು ಬರಿ ಬಿಂದಿಗೆ ತಂದಳು. ಆ ಭಾನುವಾರವೇ ಮೇಷ್ಟ್ರು ಶಾಂತಿಗ್ರಾಮದಿಂದ ಬಾವಿ ತೋಡುವವರನ್ನು ಕರೆತಂದರು. ಇಪ್ಪತ್ತೆಂಟು ಅಡಿಗೆ ನೀರು ಬಂತು, ಎಳನೀರಿನ ಹಾಗಿತ್ತು.

ಮೇಷ್ಟ್ರು ದಂಡಿಗನಹಳ್ಳಿ ಕಡೆಯ ಕೇರಿಯವರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅವರ ಅಪ್ಪ ದ್ಯಾವಯ್ಯ ಊರಿನ ಚಾಕರಿ ಮಾಡಿಕೊಂಡಿದ್ದವನು. ಸರ್ವೆಯವರು ಬಂದರೆ ಸರಪಳಿ ಎಳೆಯುವುದು, ಎಲ್ಲೆಕಲ್ಲು ಹೊರುವುದು, ನೆಡುವುದು ಅವನ ಕೆಲಸ. ಸುತ್ತ ಏಳು ಹಳ್ಳಿಯಲ್ಲಿ ಯಾರ ಹೊಲ ಎಲ್ಲಿ ಮುಗಿಯುತ್ತದೆ ಅಂತ ಅವನ ಹೆಗಲಿಗೆ ಗೊತ್ತಿತ್ತು. ತನ್ನ ಹೆಸರಿಗೆ ಒಂದು ಮೊಳ ನೆಲವಿಲ್ಲದೆ ಸತ್ತ. ಊರಿನ ಹಸುಳೆಗಳು ಕೂಡ ಅವನನ್ನು ಕರೆದದ್ದು ‘ಲೇ ದ್ಯಾವ’ ಅಂತಲೇ.

ಈಗ ಮೇಷ್ಟ್ರಿಗೆ ಹಾಸನಕ್ಕೆ ವರ್ಗವಾಗಿತ್ತು, ಬಡ್ತಿಯ ಮೇಲೆ. ಅಲ್ಲಿಯ ಹೊಸ ಬಡಾವಣೆಯಲ್ಲಿ ಅವರ ಹೆಸರಿಗೆ ಒಂದು ಸೈಟೂ ಮಂಜೂರಾಗಿತ್ತು. ಜೂನ್ ಮುಗಿಯುವುದರೊಳಗೆ ಹಣ ಕಟ್ಟದಿದ್ದರೆ ಸೈಟು ಮುಂದಿನವರ ಪಾಲು. ಹಣ ಬರಬೇಕಾದ್ದು ಈ ಮನೆಯಿಂದ. ಲೆಕ್ಕ ಇಷ್ಟೇ, ಮೂರನೇ ಕ್ಲಾಸಿನ ಹುಡುಗನೂ ಮಾಡಬಹುದು.

ದೊಡ್ಡ ಕೆಲಸಕ್ಕೆ ದೊಡ್ಡವರ ಹತ್ತಿರ ಹೋಗಬೇಕು ಅಂತ ಮೇಷ್ಟ್ರು ಹಾಸನದ ಗುಂಡಯ್ಯನವರ ಹತ್ತಿರ ಹೋದರು. ಮನೆ, ನಿವೇಶನ, ಜಮೀನು ಮಾರಿಸುವುದರಲ್ಲಿ ಜಿಲ್ಲೆಗೇ ಅವರದು ದೊಡ್ಡ ಆಫೀಸು. ಬಸ್ ಸ್ಟ್ಯಾಂಡಿನ ಎದುರು ಮಹಡಿ, ಎರಡು ಭಾಷೆಯ ಬೋರ್ಡು, ನಾಲ್ವರು ಗುಮಾಸ್ತರು, ಒಂದು ಟೆಲಿಫೋನು, ಒಂದು ಜೀಪು. ಟೆಲಿಫೋನು ಆಗಾಗ ತಾನೇ ಕಿರುಚಿಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅದನ್ನು ಎತ್ತದಷ್ಟು ದೊಡ್ಡ ವ್ಯಾಪಾರ ಅಂತ ಮೇಷ್ಟ್ರಿಗೆ ಇನ್ನಷ್ಟು ಗೌರವ ಬಂತು.

ಗುಂಡಯ್ಯನವರು ಒಳ್ಳೆಯ ಮಾತಿನ ಮನುಷ್ಯ. ಕುರ್ಚಿ ಕೊಟ್ಟರು. ಎಲ್ಲರಿಗೂ ಬಂದ ಲೋಟದಲ್ಲೇ ಮೇಷ್ಟ್ರಿಗೂ ಕಾಫಿ ಬಂತು. ಆ ಲೋಟಕ್ಕೆ ಮೇಷ್ಟ್ರು ಸೋತುಹೋದರು. ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಕಾಫಿಯ ರುಚಿಯೇ ನಾಲಿಗೆಯಲ್ಲಿತ್ತು.

ಆಮೇಲೆ ಶುರುವಾಯಿತು ಜೀಪಿನ ಮೆರವಣಿಗೆ. ಆರು ವಾರದಲ್ಲಿ ಹನ್ನೊಂದು ಗಿರಾಕಿ. ಗುಂಡಯ್ಯನವರ ಗುಮಾಸ್ತ ತಿಮ್ಮಪ್ಪ ಕರೆತರುವನು. ತಾನು ಮಾತ್ರ ಜಗಲಿ ದಾಟಿ ಒಳಗೆ ಬರುವವನಲ್ಲ, ಕಂಬಕ್ಕೊರಗಿ ಬೀಡಿ ಸೇದುವನು. ಬಂದವರು ತೊಲೆ ನೋಡುವರು, ಬಾಗಿಲು ತಟ್ಟುವರು, ಬಲು ಚೆಂದಾಗಿದೆ ಅನ್ನುವರು. ಆಮೇಲೆ ಜಗಲಿಗೆ ಬಂದು ತಿಮ್ಮಪ್ಪನ ಕಿವಿಯಲ್ಲಿ, “ಇವರು ಯಾವ ಪೈಕಿ?” ಅನ್ನುವರು. ಅಷ್ಟೇ. ಒಬ್ಬರಿಗೆ ಬಸ್ಸಿನ ನೆನಪಾಗುವುದು, ಇನ್ನೊಬ್ಬರಿಗೆ ಬಾಗಿಲು ಯಾವ ದಿಕ್ಕಿಗಿದೆ ಅನ್ನುವುದು ಆಗ ಕಾಣುವುದು. ಮೊದಲ ಗಿರಾಕಿಗೆ ಮಲ್ಲಿಗಮ್ಮ ನೀರು ಬೆಲ್ಲ ತಂದಿಟ್ಟಿದ್ದಳು. ಬೆಲ್ಲಕ್ಕೆ ಇರುವೆ ಬಂತು. ಮೂರನೆಯ ಗಿರಾಕಿಯ ಹೊತ್ತಿಗೆ ತರುವುದನ್ನು ಬಿಟ್ಟಳು.

ಒಂದು ದಿನ ತಿಮ್ಮಪ್ಪ ಜಗಲಿಯಿಂದಲೇ ಕತ್ತು ಚಾಚಿ ಪಡಸಾಲೆಯ ಗೋಡೆ ನೋಡಿ ಹೇಳಿದ. “ಮೇಷ್ಟ್ರೇ, ಆ ಬುದ್ಧನ ಪಟ ತೆಗೆದು ಒಂದು ವೆಂಕಟರಮಣನ ಪಟ ಹಾಕಿ. ನೋಡಿದೋರಿಗೆ ಅನುಮಾನ ಬರಲ್ಲ.”

ಒಳಗಿಂದ ಮಲ್ಲಿಗಮ್ಮ ಅಂದಳು. “ಆ ಪಟ ನಿಮ್ಗೇನ್ ಮಾಡ್ತಪ್ಪ? ಪಾಪ, ಕಣ್ ಮುಚ್ಕಂಡು ಕುಂತವ್ನೆ.”

ಹನ್ನೊಂದನೆಯ ಗಿರಾಕಿಯೂ ಹೋದ ಮೇಲೆ ಗುಂಡಯ್ಯನವರೇ ಹೇಳಿಕಳಿಸಿದರು. ಮೇಷ್ಟ್ರು ಹಾಸನಕ್ಕೆ ಹೋದರು. ಮತ್ತೆ ಕುರ್ಚಿ, ಮತ್ತೆ ಕಾಫಿ. ಗುಂಡಯ್ಯನವರು ದನಿ ತಗ್ಗಿಸಿ ಹೇಳಿದರು.

“ಮೇಷ್ಟ್ರೇ, ನಿಮ್ಮ ಮನೇಲಿ ಐಬಿಲ್ಲ, ರೇಟಲ್ಲೂ ಐಬಿಲ್ಲ. ಹೆಸರು ಅಡ್ಡ ಬರ್ತಿದೆ. ಹಿಂಗ್ ಮಾಡೋಣ. ನಮ್ಮ ತಿಮ್ಮಪ್ಪನ ಹೆಸರಿಗೆ ಒಂದು ಕ್ರಯಪತ್ರ ಬರ್ಕೊಟ್ಬಿಡಿ. ಅವನು ನಾಲ್ಕು ದಿನ ಸುಣ್ಣ ಬಣ್ಣ ಹೊಡೆಸಿ, ಒಂದು ಪುಣ್ಯಾಹ ಮಾಡ್ಸಿ, ತನ್ನ ಮನೆ ಅಂತ ಮಾರ್ತಾನೆ. ನಿಮ್ಮ ದುಡ್ಡು ನಿಮಗೆ ನಯಾಪೈಸೆ ಸಮೇತ ಬರುತ್ತೆ. ಅದಕ್ಕೆ ನಾನು ಜವಾಬ್ದಾರಿ.”

“ನಿಮ್ಮಂಥ ದೊಡ್ಡೋರು ಹೇಳಿದ್ರೂ ಜನ ಕೇಳಲ್ವಾ ಸಾ?” ಅಂದರು ಮೇಷ್ಟ್ರು.

ಗುಂಡಯ್ಯನವರು ನಗಲಿಲ್ಲ. “ನನ್ನ ಆಫೀಸು ದೊಡ್ಡದು ಮೇಷ್ಟ್ರೇ. ಊರು ಅದಕ್ಕಿಂತ ದೊಡ್ಡದು.”

ಬರೆದ ಕರಡು ಕಾಗದವನ್ನು ಕೈಗೆ ಕೊಟ್ಟರು. ಸೋಮವಾರದೊಳಗೆ ಒಪ್ಪಿಗೆ ಹೇಳಬೇಕು, ಇಲ್ಲದಿದ್ದರೆ ಜೀಪನ್ನು ಬೇರೆ ಕಡೆ ತಿರುಗಿಸಬೇಕಾಗುತ್ತದೆ, ಆರು ವಾರದ ಪೆಟ್ರೋಲು ಸುಮ್ಮನೆ ಬರಲಿಲ್ಲ ಅಂದರು. ಆ ಮಾತೂ ನ್ಯಾಯವೇ ಆಗಿತ್ತು. ಗುಂಡಯ್ಯನವರು ಕೆಟ್ಟವರು ಅಂತ ಯಾರಾದರೂ ಅಂದಿದ್ದರೆ ಮೇಷ್ಟ್ರು ಆವತ್ತೂ ಒಪ್ಪುತ್ತಿರಲಿಲ್ಲ. ಅವರು ಸಾವಿರ ಜನರನ್ನು ಬಲ್ಲವರು, ಆ ಸಾವಿರ ಜನ ಹೇಗೋ ಹಾಗೆ ವ್ಯಾಪಾರ ಮಾಡುವವರು.

ಮನೆಗೆ ಬಂದು ಮಲ್ಲಿಗಮ್ಮನಿಗೆ ಎಲ್ಲ ಹೇಳಿದರು. ಅವಳು ಅಕ್ಕಿ ಆರಿಸುತ್ತಾ ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದಳು.

“ಅಂಗಾದ್ರೆ ಈ ಒಂಬತ್ತು ವರ್ಸ ಈ ಮನೇಲಿದ್ದೋರು ಯಾರು? ತಿಮ್ಮಪ್ಪನಾ?”

“ಕಾಗದದಲ್ಲಿ ಅಂಗಿರ್ತದೆ ಅಷ್ಟೇಯ. ದುಡ್ ನಮ್ದೇ.”

“ಪುಣ್ಯಾಹ ಯಾಕೆ ಮಾಡುಸ್ತಾರೆ? ಏನ್ ಸತ್ತದೆ ಇಲ್ಲಿ?”

ಮೇಷ್ಟ್ರಿಗೆ ಸಿಟ್ಟು ಬಂತು. ಅವಳ ಮೇಲೆ ಬಂದ ಸಿಟ್ಟಲ್ಲ, ಆದರೆ ಕೈಗೆ ಸಿಕ್ಕಿದವಳು ಅವಳು. “ಹೆಸ್ರು ಇಟ್ಕಂಡು ಉಪ್ಪಿನ್‌ಕಾಯಿ ಆಕ್ತೀಯಾ? ಆ ಸೈಟ್ ಕೈಬಿಟ್ಟೋದ್ರೆ ಈ ಜನ್ಮದಲ್ಲಿ ಇನ್ನೊಂದು ಸಿಕ್ಕಲ್ಲ.” ಮಲ್ಲಿಗಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಆಗಲೇ ಆರಿಸಿ ಮುಗಿಸಿದ್ದರೂ ಮತ್ತೆ ಮೊದಲಿಂದ ಆರಿಸತೊಡಗಿದಳು. ಸೋಮವಾರ ಒಪ್ಪಿಗೆ ಹೇಳಿಬಿಡುವುದು ಅಂತ ಮೇಷ್ಟ್ರು ಮನಸ್ಸಿನಲ್ಲೇ ತೀರ್ಮಾನಿಸಿದರು. ತೀರ್ಮಾನಿಸಿದ ಮೇಲೆ ಅಪ್ಪನ ಹೆಗಲು ಕಣ್ಣ ಮುಂದೆ ಬಂತು. ಊಟ ಸೇರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದಾಗ ಜಗಲಿಯ ಮುಂದೆ ಒಬ್ಬರು ಕೊಡೆ ಮಡಿಸಿ ಹಿಡಿದು ನಿಂತಿದ್ದರು. ಜಯಕುಮಾರಯ್ಯ. ಶ್ರವಣಬೆಳಗೊಳದ ಕಡೆಯ ಜೈನರು, ಐವತ್ತೈದರ ಮೇಲಿನ ವಯಸ್ಸು. ಇದೇ ಊರಿನಲ್ಲಿ ಮನೆ ದಲ್ಲಾಳಿ. ಆಫೀಸು ಅಂದರೆ ಆ ಕೊಡೆ ಮತ್ತು ಹೆಗಲಿಗೆ ಹಾಕಿದ ಒಂದು ಬಟ್ಟೆಯ ಚೀಲ.

ಅವರ ವಿಚಾರ ಊರಿಗೇ ತಮಾಷೆ. ಸುಳ್ಳು ಹೇಳುವುದಿಲ್ಲ ಅಂತ ಅವರಿಗೊಂದು ವ್ರತ. ಸುಳ್ಳು ಹೇಳದ ದಲ್ಲಾಳಿ ಅಂದರೆ ಉಪ್ಪು ತಿನ್ನದ ಅಡಿಗೆಭಟ್ಟ ಇದ್ದ ಹಾಗೆ ಅಂತ ಸಂತೆಯಲ್ಲಿ ನಗುತ್ತಿದ್ದರು. ಜತೆಗೆ, ಒಂದು ಮನೆ ಕೈಯಲ್ಲಿದ್ದರೆ ಇನ್ನೊಂದನ್ನು ಮುಟ್ಟುವವರಲ್ಲ. ವರ್ಷಕ್ಕೆ ನಾಲ್ಕು ಮನೆ ಮಾರಿಸಿದರೆ ಹೆಚ್ಚು. ಮೇಷ್ಟ್ರಿಗೆ ಅವರ ನೆನಪೇ ಆಗಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುವುದು ಇದಕ್ಕೇ ಇರಬೇಕು.

“ಮೇಷ್ಟ್ರೇ, ಮನೆ ಮಾರ್ತಿದೀರಿ ಅಂತ ಯುಗಾದಿಗೇ ಕೇಳಿದ್ದೆ,” ಅಂದರು ಜಯಕುಮಾರಯ್ಯ. “ಕೈಯಲ್ಲಿ ಒಂದು ಮನೆ ಇತ್ತು, ಅದಕ್ಕೇ ಬರಲಿಲ್ಲ. ನಿನ್ನೆ ಅದು ಮುಗೀತು. ಒಳಗೆ ಬರಲಾ?”

ಬರಲಾ ಅಂತ ಕೇಳಿ ಒಳಗೆ ಬಂದ ಮೊದಲನೆಯ ದಲ್ಲಾಳಿ. ಬಂದವರು ಸುಮ್ಮನೆ ಕೂರಲಿಲ್ಲ. ಹೆಜ್ಜೆ ಹಾಕಿ ಕೋಣೆ ಅಳೆದರು. ಪ್ರತಿ ಕದವನ್ನೂ ಎರಡೆರಡು ಸಲ ಮುಚ್ಚಿ ತೆಗೆದರು. ಪಡಸಾಲೆಯ ನಡುವೆ ಅಂಗಾತ ಮಲಗಿಯೇಬಿಟ್ಟರು. ಹಂಚಿನ ಸಂದಿಯಲ್ಲಿ ಬೆಳಕು ಎಲ್ಲೆಲ್ಲಿ ಕಾಣುತ್ತದೆ ನೋಡುವುದಕ್ಕಂತೆ. “ಮೂರು ಹಂಚು ಬದಲಾಯಿಸಬೇಕು. ಕೊಂಡುಕೊಳ್ಳೋರಿಗೆ ಹೇಳ್ತೀನಿ,” ಅಂದರು ಮಲಗಿದ್ದಲ್ಲಿಂದಲೇ. ಮಲ್ಲಿಗಮ್ಮನಿಗೆ ಎಷ್ಟೋ ದಿನದ ಮೇಲೆ ನಗು ಬಂತು.

ಆಮೇಲೆ ಹಿತ್ತಿಲಿಗೆ ಬಂದರು. ಬಾವಿ ನೋಡಿ ನಿಂತರು.

“ಇಷ್ಟು ಚಿಕ್ಕ ಹಿತ್ತಿಲಲ್ಲಿ ಬಾವಿ ಯಾಕೆ ಬಂತು?”

ಮೇಷ್ಟ್ರು ಏನೋ ಹೇಳಿ ತೇಲಿಸಲು ಹೋದರು. ಮಲ್ಲಿಗಮ್ಮ ಬಿಡಲಿಲ್ಲ. ಆ ದಿನದ ಬರಿ ಬಿಂದಿಗೆಯ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಜಯಕುಮಾರಯ್ಯ ಪೂರ್ತಿ ಕೇಳಿದರು. ಅಯ್ಯೋ ಪಾಪ ಅನ್ನಲಿಲ್ಲ. “ಬೇಸಿಗೇಲಿ ಬತ್ತುತ್ತಾ?” ಅಂದರು.

“ಒಂದ್ ಕಿತವೂ ಬತ್ತಿಲ್ಲ.”

“ಕುಡಿದು ನೋಡ್ಬೇಕು. ಹಗ್ಗ ಬಕೆಟ್ಟು ಕೊಡಿ ತಾಯಿ.”

ಹನ್ನೊಂದು ಗಿರಾಕಿಗಳಲ್ಲಿ ಒಬ್ಬರೂ ಮುಟ್ಟದ ನೀರು. ಈ ಮನುಷ್ಯ ತಾನೇ ಬಕೆಟ್ಟು ಇಳಿಬಿಟ್ಟರು, ತಾನೇ ಸೇದಿದರು. ಆಮೇಲೆ ಚೀಲಕ್ಕೆ ಕೈಹಾಕಿ ಒಂದು ಚೊಂಬನ್ನೂ, ಮಡಿಸಿ ಇಟ್ಟ ಬಿಳಿ ದಪ್ಪ ಬಟ್ಟೆಯನ್ನೂ ತೆಗೆದರು. ಬಟ್ಟೆಯನ್ನು ಎರಡು ಪದರ ಮಾಡಿ ಚೊಂಬಿನ ಬಾಯಿಗೆ ಹೊದಿಸಿದರು.

ಅಷ್ಟು ನೋಡಿದ್ದೇ ತಡ, ಮೇಷ್ಟ್ರಿಗೆ ತಲೆಗೆ ರಕ್ತ ಏರಿತು. ಜೀಪಿನವರು ಮುಟ್ಟದೆ ಹೋದರು, ಅದಾದರೂ ಒಂದು ಥರ. ಈತ ಚೊಂಬು ಬಟ್ಟೆ ಕಟ್ಟಿಕೊಂಡೇ ಬಂದಿದ್ದಾನೆ, ನಮ್ಮ ನೀರಿನ ಮೈಲಿಗೆ ಸೋಸುವುದಕ್ಕೆ!

“ಬ್ಯಾಡಿ ಜಯಕುಮಾರಯ್ಯನೋರೇ,” ಅಂದರು ಮೇಷ್ಟ್ರು. “ಬಟ್ಟೆ ಹಾಕಿ ಸೋಸೋ ಅಂಥಾದ್ದು ನಮ್ಮ ನೀರಲ್ಲೇನಿಲ್ಲ. ಕುಡಿಯೋಕೆ ಮನಸ್ಸಿಲ್ದಿದ್ರೆ ಕುಡೀಬೇಡಿ. ಬಕೆಟ್ಟು ಕೆಳಗಿಡಿ.”

ಜಯಕುಮಾರಯ್ಯ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದರು. ಕೈಯಲ್ಲಿದ್ದ ಬಟ್ಟೆ ನೋಡಿಕೊಂಡರು. ಆಮೇಲೆ ನಿಧಾನವಾಗಿ ಅರ್ಥವಾಗಿ, ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು.

“ಮೇಷ್ಟ್ರೇ, ನೀವು ಯಾವತ್ತೂ ಜೈನರ ಮನೆ ಹಿತ್ತಿಲಿಗೆ ಹೋಗಿಲ್ಲ, ಅಲ್ವಾ?”

“ಯಾರು ಕರೀತಿದ್ರು?”

ಆ ಮಾತಿಗೆ ಜಯಕುಮಾರಯ್ಯ ತಲೆ ತಗ್ಗಿಸಿದರು. “ಅದು ನಮ್ಮ ತಪ್ಪು,” ಅಂದರು. “ಕೇಳಿ. ಬೆಳಗೊಳದಲ್ಲಿ ನಮ್ಮಮ್ಮ ಸೇದಿದ ನೀರನ್ನೂ ನಾನು ಹಿಂಗೇ ಸೋಸಿ ಕುಡಿಯೋದು. ಬಸದಿ ಬಾವಿದೂ ಹಿಂಗೇ. ನೀರಲ್ಲಿ ಕಣ್ಣಿಗೆ ಕಾಣದ ಜೀವ ಇರ್ತವೆ. ಅವನ್ನ ನಾವು ನುಂಗಬಾರದು. ಕೊಳೆ ಅಂತ ಸೋಸೋದಲ್ಲ ಮೇಷ್ಟ್ರೇ, ಅವು ಬದುಕಲಿ ಅಂತ.”

ನೀರನ್ನು ಬಟ್ಟೆಯ ಮೇಲೆ ಹೊಯ್ದರು. ಚೊಂಬು ತುಂಬಿತು. ಎತ್ತಿ ಗಟಗಟ ಕುಡಿದರು. ಬಾಯಿ ಒರೆಸಿಕೊಂಡು, “ಸಿಹಿ ಇದೆ,” ಅಂದರು. ಇನ್ನೊಂದು ಚೊಂಬು ಸೋಸಿ ಅದನ್ನೂ ಅರ್ಧ ಕುಡಿದರು. ಉಳಿದ ಅರ್ಧದಿಂದ ಆ ಬಟ್ಟೆಯನ್ನು ಮಗುಚಿ ಬಕೆಟ್ಟಿನೊಳಗೆ ತೊಳೆದರು. ಬಕೆಟ್ಟನ್ನು ಹಗ್ಗದಲ್ಲಿ ಮೆಲ್ಲಗೆ, ನೀರು ಮುಟ್ಟುವವರೆಗೆ ಇಳಿಬಿಟ್ಟು, ಅಲ್ಲಿ ಓರೆ ಮಾಡಿದರು.

“ಮೇಲಿಂದ ಸುರೀಬಾರದು, ಬಿದ್ದು ಸಾಯ್ತವೆ. ಬೇರೆ ಬಾವಿಗೂ ಬಿಡಬಾರದು. ಎಲ್ಲಿಯವೋ ಅಲ್ಲಿಗೇ ಬಿಡಬೇಕು. ಈಗ ನಾನು ಯಾರ ಎದುರಿಗೆ ಬೇಕಾದರೂ ಈ ನೀರು ಸಿಹಿ ಅಂತ ಹೇಳಬಹುದು. ಕುಡಿಯದೆ ಹೇಳಿದ್ದರೆ ಸುಳ್ಳಾಗ್ತಿತ್ತು.”

ಮಲ್ಲಿಗಮ್ಮ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮೇಷ್ಟ್ರಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಒಂದು ಬಟ್ಟೆ ಚೂರನ್ನು ಸರಿಯಾಗಿ ಓದಲಾರದೆ ಹೋದರು. ನಾಚಿಕೆಯ ಜತೆಗೆ ಇನ್ನೊಂದು ಇತ್ತು, ಅದು ನಾಚಿಕೆಗಿಂತ ದೊಡ್ಡದಿತ್ತು. ನಮ್ಮ ಬಾವಿಯ ನೀರನ್ನು ಒಬ್ಬರು ಕುಡಿದರು ಎಂಬ ಸಂತೋಷ. ಅದನ್ನು ಹೇಳಲು ಹೋಗಿ, “ಇನ್ನೊಂದು ಚೊಂಬು ಕುಡೀರಿ,” ಅಂದರು. ಇಬ್ಬರಿಗೂ ನಗು ಬಂತು.

ಮಾತಿನಲ್ಲೇ ಮಧ್ಯಾಹ್ನ ಕಳೆದು ಹೊತ್ತು ಇಳಿಯುತ್ತಿತ್ತು. ಕತ್ತಲಾಗುವ ಮುಂಚೆ ಊಟ ಮುಗಿಸಬೇಕಾದವರು ಜಯಕುಮಾರಯ್ಯ, ಎದ್ದರು. “ಹನ್ನೊಂದು ಜನರನ್ನ ಕರ್ಕೊಂಡು ಬರೋ ಶಕ್ತಿ ನನಗಿಲ್ಲ ಮೇಷ್ಟ್ರೇ. ನನ್ನ ತಲೇಲಿ ಒಬ್ಬರೇ ಒಬ್ಬರು ಇದ್ದಾರೆ. ಎರಡು ವರ್ಷದ ಹಿಂದೆ ಒಂದು ಮನೆ ಕೇಳಿದ್ರು, ಅಂಥದ್ದು ಈ ಊರಲ್ಲಿ ನನಗೆ ಸಿಕ್ಕಿರಲಿಲ್ಲ. ಇವತ್ತು ಸಿಕ್ತು. ಗುರುವಾರದವರೆಗೆ ತಡೀರಿ. ಅವರು ಒಪ್ತಾರೆ ಅಂತ ಮಾತ್ರ ಹೇಳಲಾರೆ. ಗೊತ್ತಿಲ್ಲ.”

ಸೋಮವಾರ ಗುಂಡಯ್ಯನವರ ಗಡುವು. ಗುರುವಾರಕ್ಕೆ ಕಾದು, ಆ ಒಬ್ಬರೂ ಕೈಯೆತ್ತಿದರೆ ಜೀಪೂ ಇಲ್ಲ, ಸೈಟೂ ಇಲ್ಲ. ಭಾನುವಾರ ಪೂರ್ತಿ ಮೇಷ್ಟ್ರು ಮನೆಯೊಳಗೆ ಅತ್ತಿಂದಿತ್ತ ತಿರುಗಿದರು. ಮಲ್ಲಿಗಮ್ಮ ಹೇಳಬೇಕಾದ್ದನ್ನು ಆವತ್ತೇ ಹೇಳಿಯಾಗಿತ್ತು. ಸೋಮವಾರ ಬೆಳಿಗ್ಗೆ ಹಾಸನದ ಬಸ್ಸು ಮಾಳದ ಮುಂದೆ ಬಂದು ನಿಂತಿತು, ಹಾರನ್ ಹೊಡೆಯಿತು, ಹೋಯಿತು. ಮೇಷ್ಟ್ರು ಹತ್ತಲಿಲ್ಲ.

ಜಯಕುಮಾರಯ್ಯ ಅದೇ ಸೋಮವಾರ ಹೊಳೆನರಸೀಪುರಕ್ಕೆ ಹೋದರು. ಯಾರನ್ನು ಹುಡುಕಿ ಹೋದರೋ ಆ ನರ್ಸು ಅಲ್ಲಿರಲಿಲ್ಲ. ಅರಕಲಗೂಡಿನ ಕಡೆ ಒಂದು ಹಳ್ಳಿಗೆ ಹೆರಿಗೆ ಮಾಡಿಸಲು ಹೋಗಿದ್ದರು. ಜಯಕುಮಾರಯ್ಯ ಅಲ್ಲಿಗೂ ಹೋದರು, ಕೊನೆಯ ನಾಲ್ಕು ಮೈಲಿ ನಡೆದು. ಕೂಸು ಹುಟ್ಟುವವರೆಗೂ ಊರಾಚೆ ಮರದ ಕೆಳಗೆ ಕಾದರು. ಇದೆಲ್ಲ ಮೇಷ್ಟ್ರಿಗೆ ತಿಳಿದದ್ದು ಆಮೇಲೆ, ಅದೂ ಅವರ ಬಾಯಿಂದಲ್ಲ.

ಗುರುವಾರ ಮಧ್ಯಾಹ್ನ ಅವರ ಜತೆ ಬಂದವರು ನೀಲಾಂಬಿಕೆ. ಸರ್ಕಾರಿ ಹೆರಿಗೆ ನರ್ಸು. ಬಿಳಿ ಸೀರೆ, ಗಟ್ಟಿ ಮೈಕಟ್ಟು, ಯಾರಿಗೂ ಕಾಯದ ನಡಿಗೆ. ಮೂವತ್ತು ವರ್ಷ ನಾಲ್ಕು ತಾಲ್ಲೂಕು ಸುತ್ತಿದವರು. ಆಗಸ್ಟಿನಲ್ಲಿ ರಿಟೈರಾಗಿ, ಹುಟ್ಟಿದೂರಾದ ಚನ್ನರಾಯಪಟ್ಟಣಕ್ಕೆ ಬಂದು ನೆಲೆಸಬೇಕು ಅಂತ ಅವರಿಗೆ ಆಸೆ. ಜಗಲಿ, ತೊಲೆ, ಬಾಗಿಲು ಯಾವುದನ್ನೂ ನೋಡದೆ ನೆಟ್ಟಗೆ ಹಿತ್ತಿಲಿಗೆ ನಡೆದರು.

ಮೇಷ್ಟ್ರು ಹಿಂದೆಯೇ ಹೋದರು. ಈ ಸಲ ಯಾರೂ ಕಿವಿಯಲ್ಲಿ ಕೇಳುವುದು ಬೇಡ ಅಂತ ತಾವೇ ಮೊದಲು ಹೇಳಿದರು. “ಅಮ್ಮ, ನಾವು ಹರಿಜನರು.”

“ಗೊತ್ತು ಮೇಷ್ಟ್ರೇ. ನನ್ನ ಹುಡುಕ್ಕೊಂಡು ಬಂದು ಇವರು ಹೇಳಿದ ಮೊದಲನೇ ಮಾತೇ ಅದು. ಎರಡನೇದು ಮೂರು ಹಂಚು ಒಡೆದಿವೆ ಅಂತ,” ಅಂದರು ನೀಲಾಂಬಿಕೆ, ಬಾವಿಯೊಳಗೆ ಬಗ್ಗಿ ನೋಡುತ್ತಾ. “ನನಗೆ ಬೇಕಾದ್ದು ಇದು. ಹೆರಿಗೆ ಮಾಡಿಸೋಕೆ ಎಲ್ರಿಗೂ ನಾನು ಬೇಕು. ಮಾಡಿಸಿ ಬಂದು ಮೈ ತೊಳೀತೀನಿ, ಬಟ್ಟೆ ಒಗೀತೀನಿ ಅಂದ್ರೆ ಸೂತಕದ ಬಟ್ಟೆ ನಮ್ಮ ಬಾವಿ ಹತ್ರ ಬೇಡ ಅಂತಾರೆ. ಏಳು ಬಾಡಿಗೆ ಮನೆ ಬಿಟ್ಟಿದೀನಿ ಇದೇ ಕಾರಣಕ್ಕೆ. ಬಾವಿ ಇಲ್ಲದ ಅರಮನೆ ಕೊಟ್ರೂ ಬೇಡ ಅಂತ ಜಯಕುಮಾರಯ್ಯನೋರಿಗೆ ಎರಡು ವರ್ಷದ ಹಿಂದೆ ಹೇಳಿದ್ದೆ. ಇವರು ಮರೀಲಿಲ್ಲ, ನೋಡಿ.”

ಸೇದಿ ಮುಖ ತೊಳೆದುಕೊಂಡರು. ಬೊಗಸೆ ತುಂಬ ಕುಡಿದರು. ಆಮೇಲೆ ಸೆರಗು ಸಿಕ್ಕಿಸಿ ಬಾವಿಕಟ್ಟೆಯ ಮೇಲೆ ಕೂತು ವ್ಯಾಪಾರಕ್ಕೆ ಶುರು ಮಾಡಿದರು. ಹಗ್ಗ ಹಳೆಯದು, ಐವತ್ತು ರೂಪಾಯಿ ಬಿಡಿ. ರಾಟೆ ಕಿರುಗುಡುತ್ತೆ, ಇನ್ನೊಂದಿಷ್ಟು ಬಿಡಿ. ಅಡಿಗೆಮನೆಗೆ ಗಾಳಿ ಸಾಲದು. ಮೇಷ್ಟ್ರೂ ಬಿಡಲಿಲ್ಲ. ತೊಲೆ ಹೊನ್ನೆ ಮರದ್ದು, ಬಾಗಿಲು ಒಂದೂ ಕುಂಯ್ ಅನ್ನಲ್ಲ, ರಾಟೆಗೆ ಒಂದು ತೊಟ್ಟು ಎಣ್ಣೆ ಬಿಟ್ಟರೆ ಆಯಿತು ಅಂತ ವಾದಿಸಿದರು. ಹಾಗೆ ವಾದಿಸುತ್ತಿದ್ದ ಹಾಗೇ ಮೇಷ್ಟ್ರಿಗೆ ಮೈಯೆಲ್ಲ ಹಗುರವಾಯಿತು. ಆರು ವಾರದಲ್ಲಿ ಒಬ್ಬರೂ ಅವರ ಜತೆ ಚೌಕಾಸಿ ಮಾಡಿರಲಿಲ್ಲ. ಎಲ್ಲ ಮಾರುವವರ ಜತೆ ಎಲ್ಲ ಕೊಳ್ಳುವವರು ಆಡುವ ಜಗಳ ಇದು, ತಮಗೂ ಸಿಕ್ಕಿತು ಅಂತ ಅವರಿಗೆ ಖುಷಿ. ಆ ಖುಷಿಯಲ್ಲಿ ಹಗ್ಗದ ಐವತ್ತು ರೂಪಾಯಿ ಬಿಟ್ಟೇಬಿಟ್ಟರು.

ಮಾರನೆಯ ದಿನ ಹಾಸನಕ್ಕೆ ಹೋಗಿ ಗುಂಡಯ್ಯನವರಿಗೆ ಕರಡು ಕಾಗದವನ್ನು ಹಿಂದಕ್ಕೆ ಕೊಟ್ಟರು. ಕೈಮುಗಿದು, ನಿಮ್ಮ ಕಾಫಿ ಋಣ ಇದೆ ಅಂದರು. ಅದು ಬರಿ ಬಾಯಿಮಾತಾಗಿರಲಿಲ್ಲ.

“ಯಾರು ಮಾರಿಸಿದ್ದು?” ಅಂದರು ಗುಂಡಯ್ಯನವರು.

“ಜಯಕುಮಾರಯ್ಯನೋರು. ಬಾವಿ ಇದ್ದದ್ದಕ್ಕೆ ಒಬ್ಬ ನರ್ಸಮ್ಮ ಕೊಂಡ್ಕೊಂಡ್ರು.”

“ಆ ಮನೇಲಿ ಬಾವಿ ಇತ್ತಾ?” ಗುಂಡಯ್ಯನವರು ಮನೆಗಳ ವಿವರ ಬರೆದಿಡುವ ಪುಸ್ತಕ ತೆರೆದು ನೋಡಿದರು, ತಿಮ್ಮಪ್ಪನನ್ನು ನೋಡಿದರು. ತಿಮ್ಮಪ್ಪ ಟೆಲಿಫೋನು ನೋಡಿದ. ಆರು ವಾರ ಜಗಲಿಯ ಕಂಬಕ್ಕೆ ಒರಗಿದವನಿಗೆ ಹಿತ್ತಿಲು ಎಲ್ಲಿಂದ ಕಾಣಬೇಕು? ಗುಂಡಯ್ಯನವರು ಪುಸ್ತಕ ಮುಚ್ಚಿ ಜೋರಾಗಿ ನಕ್ಕರು. ಒಳ್ಳೆಯ ಮನಸ್ಸಿನ ನಗುವೇ ಅದು. ಹಾಸನಕ್ಕೆ ಬಂದ ಮೇಲೆ ಬಂದು ಹೋಗುತ್ತಿರಿ ಮೇಷ್ಟ್ರೇ ಅಂದರು.

ರಿಜಿಸ್ಟ್ರಿಯಾದದ್ದು ಜೂನ್ ಇಪ್ಪತ್ತೊಂದನೆಯ ತಾರೀಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜನವೋ ಜನ. ಬೆಂಚು ಸಾಲದೆ ಬಾಗಿಲವರೆಗೂ ನಿಂತಿದ್ದರು. ದಂಡಿಗನಹಳ್ಳಿ ಕಡೆಯ ಗೌಡರೂ ಇಬ್ಬರು ಮೂವರು ಇದ್ದರು, ಯಾವುದೋ ಜಮೀನಿನ ಕೆಲಸಕ್ಕೆ ಬಂದವರು. ಮಲ್ಲಿಗಮ್ಮ ಒಳಗೆ ಬರಲು ಒಪ್ಪಲಿಲ್ಲ. ಈಚೆ ಹೊಂಗೆ ಮರದ ಕೆಳಗೆ ಕೂತಳು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಪತ್ರ ಎತ್ತಿ ಓದಿದರು. ಓದುವುದು ಅವರ ನಿತ್ಯದ ಕೆಲಸ, ಅದರಲ್ಲಿ ವಿಶೇಷವೇನೂ ಇರಲಿಲ್ಲ. ದನಿ ಮಾತ್ರ ದೊಡ್ಡದು.

“ದಂಡಿಗನಹಳ್ಳಿ ಹೋಬಳಿಯ ದಿವಂಗತ ದ್ಯಾವಯ್ಯನವರ ಮಗ ಚಲುವಯ್ಯನಾದ ನಾನು, ನನ್ನ ಸ್ವಯಾರ್ಜಿತವಾದ, ನನ್ನ ಸ್ವಾಧೀನಾನುಭವದಲ್ಲಿರುವ ಮನೆ ಮತ್ತು ಬಾವಿ ಸಹಿತ ನಿವೇಶನವನ್ನು…”

ಮುಂದಿನದು ಮೇಷ್ಟ್ರಿಗೆ ಕೇಳಿಸಲಿಲ್ಲ. ಅಪ್ಪನ ಹೆಸರು ಸರ್ಕಾರದ ಕೋಣೆಯಲ್ಲಿ, ಆ ಗೌಡರ ತಲೆಯ ಮೇಲಿಂದ ಹಾದು ಬಾಗಿಲವರೆಗೆ ಹೋಗಿತ್ತು. ಬೆಂಚಿನ ಮೇಲಿದ್ದ ಒಬ್ಬರು ಮುದುಕರು ತಿರುಗಿ ಮೇಷ್ಟ್ರನ್ನು ನೋಡಿದರು. ಗುರುತು ಹತ್ತಿತೋ ಏನೋ, ಸುಮ್ಮನೆ ತಲೆಯಾಡಿಸಿದರು.

“ಬರೆದುಕೊಡೋರನ್ನ ಬಲ್ಲವರು ಯಾರು?” ಅಂದರು ಅಧಿಕಾರಿ.

“ನಾನು ಬಲ್ಲೆ,” ಅಂದರು ಜಯಕುಮಾರಯ್ಯ. ಬಾಗಿಲ ಹತ್ತಿರದಿಂದ ಜನರನ್ನು ಸರಿಸಿಕೊಂಡು ಬಂದು ರುಜು ಹಾಕಿದರು. ಸುಳ್ಳು ಹೇಳದವರು ಹೇಳಿದ ಮಾತು. ಮೇಷ್ಟ್ರು ತಮ್ಮ ರುಜುವನ್ನು ಪೂರ್ತಿ ಹೆಸರಿನಲ್ಲಿ, ಬೋರ್ಡಿನ ಮೇಲೆ ಮಕ್ಕಳಿಗೆ ಬರೆದು ತೋರಿಸುವ ಹಾಗೆ, ಒಂದೊಂದಕ್ಷರ ಬಿಡಿಸಿ ಬರೆದರು.

ಈಚೆಗೆ ಬಂದಾಗ ಮಲ್ಲಿಗಮ್ಮ ಎದ್ದು ನಿಂತಳು. ಹಣ ಬಂತಾ, ಸೈಟಿಗೆ ಸಾಕಾಗುತ್ತಾ, ಏನನ್ನೂ ಕೇಳಲಿಲ್ಲ.

“ಯಾರೆಸ್ರಲ್ಲಿ ಬರುದ್ರು?”

“ನನ್ನೆಸ್ರಲ್ಲೇ ಕಣೆ. ಅಪ್ಪನ ಹೆಸ್ರೂ ಓದುದ್ರು.”

“ಗಟ್ಟಿಯಾಗಿ ಓದುದ್ರಾ? ಎಲ್ಲಾರ್ಗೂ ಕೇಳುಸ್ತಾ?”

ಮೇಷ್ಟ್ರು ಕಚೇರಿಯ ಬಾಗಿಲ ಕಡೆ ತಿರುಗಿ ನೋಡಿದರು. ಹಿಂದೆ ಬರುತ್ತಿದ್ದ ಜಯಕುಮಾರಯ್ಯನವರೇ ಉತ್ತರ ಹೇಳಿದರು.

“ಕೇಳಿಸ್ತು ತಾಯಿ. ನಾನು ಬಾಗಿಲಲ್ಲಿ ನಿಂತಿದ್ದೆ, ಅಲ್ಲಿಗೂ ಕೇಳಿಸ್ತು.”

ಮಲ್ಲಿಗಮ್ಮ ಅವರಿಗೆ ಕೈಮುಗಿದಳು. “ನಿಮ್ಮಿಂದ ಆಯ್ತು ಕಣಣ್ಣಾ,” ಅಂದಳು. ಜಯಕುಮಾರಯ್ಯ ಬೇಡ ಅನ್ನಲಿಲ್ಲ, ಎಲ್ಲ ಭಗವಂತನದು ಅಂತ ತಪ್ಪಿಸಿಕೊಳ್ಳಲೂ ಇಲ್ಲ. ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಅವಳು ಬಾಗಿದಷ್ಟೇ ತಲೆಬಾಗಿ, ತಾವೂ ಕೈಮುಗಿದರು.